ಅತಿ ಶೀಘ್ರ ಹೆರಿಗೆ: ಸಮಯದ ಲೆಕ್ಕ ಮತ್ತು ಗ್ರಾಮದ ಸಿದ್ಧತೆ

"ಹೂವು ಎತ್ತಿದ ಹಾಗೆ ಹೆರಿಗೆಯಾಯಿತು" ಎಂಬುದು ಹಳ್ಳಿಗಳಲ್ಲಿ ಇಂದಿಗೂ ಮೆಚ್ಚುಗೆಯ ಮಾತು. ಹೆರಿಗೆ ಎಂದೊಡನೆ ಮನೆಯವರು ಅಂಜುವುದು ವಿಳಂಬಕ್ಕೆ. ಒಂದು ಹಗಲು ಒಂದು ರಾತ್ರಿ ಬೇನೆ ತಿಂದು ಕೊನೆಗೆ ಶಸ್ತ್ರಚಿಕಿತ್ಸೆಯಾದ ಕಥೆಗಳು ಪ್ರತಿ ಮನೆಯಲ್ಲಿಯೂ ಇರುತ್ತವೆ. ಹೀಗಿರುವಾಗ ಒಂದೆರಡು ಗಂಟೆಗಳಲ್ಲಿ ಮುಗಿದುಹೋದ ಹೆರಿಗೆಯನ್ನು ಪುಣ್ಯವೆಂದು ಭಾವಿಸುವುದು ಸಹಜ. ಆ ಭಾವನೆ ಪೂರ್ಣ ತಪ್ಪೂ ಅಲ್ಲ. ತಾಯಿ ಆರೋಗ್ಯವಂತಳಾಗಿದ್ದು, ಆಸ್ಪತ್ರೆಯ ಹೆರಿಗೆ ಕೊಠಡಿಯಲ್ಲಿದ್ದು, ಪಕ್ಕದಲ್ಲಿ ನುರಿತ ಶುಶ್ರೂಷಕಿ ಇದ್ದರೆ ಶೀಘ್ರ ಹೆರಿಗೆಗಳಲ್ಲಿ ಬಹುಪಾಲು ಸುಸೂತ್ರವಾಗಿಯೇ ಮುಗಿಯುತ್ತವೆ. ಅದೇ ಹೆರಿಗೆ ಆಸ್ಪತ್ರೆಯಿಂದ ನಲವತ್ತು ಕಿಲೋಮೀಟರ್ ದೂರದ ಮಜರೆಯಲ್ಲಿ, ಮಳೆಗಾಲದ ರಾತ್ರಿಯಲ್ಲಿ ಆರಂಭವಾದಾಗ ಪ್ರಶ್ನೆ ಬೇರೆಯಾಗುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019-21) ಪ್ರಕಾರ ಕರ್ನಾಟಕದಲ್ಲಿ ಶೇಕಡಾ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. 2018-20ರ ಮಾದರಿ ನೋಂದಣಿ ವ್ಯವಸ್ಥೆಯ ಅಂಕಿ ಅಂಶದಂತೆ ರಾಜ್ಯದ ತಾಯಿ ಮರಣ ಪ್ರಮಾಣ ಲಕ್ಷ ಜೀವಂತ ಜನನಗಳಿಗೆ 69. ದೇಶದ ಸರಾಸರಿ 97. ಇದು ಸಣ್ಣ ಸಾಧನೆಯಲ್ಲ. ಉಳಿದ ನೂರಕ್ಕೆ ಮೂರು ಹೆರಿಗೆಗಳ ಮಾತು ಬಂದಾಗ ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ವಿವರಣೆ 'ಅರಿವಿನ ಕೊರತೆ' ಎಂಬುದು. ಎಲ್ಲ ಪ್ರಕರಣಗಳಿಗೂ ಈ ವಿವರಣೆ ಹೊಂದುವುದಿಲ್ಲ. ಆಸ್ಪತ್ರೆಗೆ ಹೋಗಬೇಕೆಂದು ಬಟ್ಟೆ ಗಂಟು ಕಟ್ಟಿಟ್ಟುಕೊಂಡು, ತಾಯಿ ಕಾರ್ಡನ್ನು ದೇವರ ಮುಂದೆ ಇಟ್ಟುಕೊಂಡು ಸಿದ್ಧಳಾಗಿದ್ದ ಗರ್ಭಿಣಿಯೂ ದಾರಿಯ ಮಧ್ಯೆ ಹೆರುವುದುಂಟು. ಅಂಥವಳಿಗೆ ಅರಿವು ಇತ್ತು, ಸಮಯ ಇರಲಿಲ್ಲ. ಗ್ರಾಮ ಪಂಚಾಯತಿ ಸದಸ್ಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಗಳ ಪದಾಧಿಕಾರಿಗಳು ಈ ಸಮಯದ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಬೇಕೆಂಬುದು ಪ್ರಸ್ತುತ ಪಾಠದ ಉದ್ದೇಶ.

ಅತಿ ಶೀಘ್ರ ಹೆರಿಗೆ ಎಂದರೇನು

ಕ್ರಮಬದ್ಧವಾದ ಹೆರಿಗೆ ನೋವು ಆರಂಭವಾದ ಮೂರು ಗಂಟೆಗಳ ಒಳಗೆ ಶಿಶು ಹೊರಬಂದರೆ ಅದನ್ನು ಅತಿ ಶೀಘ್ರ ಹೆರಿಗೆ ಎಂದು ವೈದ್ಯಶಾಸ್ತ್ರ ಪರಿಗಣಿಸುತ್ತದೆ. ಕೆಲವು ಪಠ್ಯಗಳು ಎರಡು ಗಂಟೆಗಳ ಮಿತಿಯನ್ನು ಇಟ್ಟುಕೊಂಡಿವೆ. ಹೋಲಿಕೆಗಾಗಿ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ನೋಡಬಹುದು. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದಲ್ಲಿಂದ ಪೂರ್ಣವಾಗಿ, ಅಂದರೆ 10 ಸೆಂಟಿಮೀಟರ್ ತೆರೆಯುವವರೆಗಿನ ಅವಧಿ ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆಗಳನ್ನು, ನಂತರದ ಹೆರಿಗೆಗಳಲ್ಲಿ 10 ಗಂಟೆಗಳನ್ನು ಮೀರುವುದಿಲ್ಲ. ಆಮೇಲೆ ಶಿಶು ಹೊರಬರಲು ಚೊಚ್ಚಲಿನಲ್ಲಿ ಮೂರು ಗಂಟೆಗಳವರೆಗೆ, ನಂತರದವುಗಳಲ್ಲಿ ಎರಡು ಗಂಟೆಗಳವರೆಗೆ ಹಿಡಿಯಬಹುದು. ಅತಿ ಶೀಘ್ರ ಹೆರಿಗೆಯಲ್ಲಿ ಈ ಇಡೀ ಕ್ರಮ ಕುಗ್ಗಿಬಿಡುತ್ತದೆ. ಚೊಚ್ಚಲ ಗರ್ಭಿಣಿಯಲ್ಲಿ ಗಂಟೆಗೆ 5 ಸೆಂಟಿಮೀಟರ್, ಮೊದಲೇ ಹೆತ್ತವಳಲ್ಲಿ ಗಂಟೆಗೆ 10 ಸೆಂಟಿಮೀಟರ್ ವೇಗದಲ್ಲಿ ಗರ್ಭಕೋಶದ ಬಾಯಿ ತೆರೆಯಬಹುದು. ಅರ್ಥಾತ್, ಎರಡನೆಯ ಅಥವಾ ಮೂರನೆಯ ಹೆರಿಗೆಗೆ ಬಂದ ಮಹಿಳೆಯಲ್ಲಿ ತೆರೆಯುವ ಕೆಲಸವೆಲ್ಲ ಒಂದೇ ಗಂಟೆಯಲ್ಲಿ ಮುಗಿಯಬಹುದು.

ಇದು ತೀರ ಅಪರೂಪವೂ ಅಲ್ಲ. ಅಮೆರಿಕದ ಜನನ ದಾಖಲೆಗಳಲ್ಲಿ ನೂರಕ್ಕೆ ಎರಡು ಮೂರು ಹೆರಿಗೆಗಳು ಈ ವರ್ಗಕ್ಕೆ ಸೇರುತ್ತವೆ. ವರ್ಷಕ್ಕೆ ಎಂಬತ್ತು ತೊಂಬತ್ತು ಜನನಗಳಾಗುವ ಒಂದು ಗ್ರಾಮ ಪಂಚಾಯತಿಗೆ ಇದೇ ಪ್ರಮಾಣವನ್ನು ಅನ್ವಯಿಸಿದರೆ ವರ್ಷಕ್ಕೆ ಎರಡು ಹೆರಿಗೆಗಳಾದವು. ಎರಡೇ ಆದ್ದರಿಂದ ಅವು ಯಾರ ವರದಿಯಲ್ಲಿಯೂ ಪ್ರತ್ಯೇಕವಾಗಿ ಕಾಣುವುದಿಲ್ಲ.

ಬಿಡುವಿಲ್ಲದ ನೋವು

ಹೆರಿಗೆ ನೋವು ಅಲೆಯಂತೆ ಬಂದು ಹೋಗುತ್ತದೆ. ಹೆರಿಗೆ ಬಲವಾದಾಗ ಹತ್ತು ನಿಮಿಷಗಳಲ್ಲಿ ಮೂರರಿಂದ ಐದು ಬಾರಿ ಗರ್ಭಕೋಶ ಬಿಗಿಯುತ್ತದೆ, ನಡುವೆ ಸಡಿಲಗೊಳ್ಳುತ್ತದೆ. ಬಿಗಿದಾಗ ಮಾಸಿಗೆ ಹೋಗುವ ರಕ್ತನಾಳಗಳು ಒತ್ತಲ್ಪಟ್ಟು ಶಿಶುವಿಗೆ ಸಿಗುವ ಪ್ರಾಣವಾಯು ತಗ್ಗುತ್ತದೆ. ಸಡಿಲಗೊಂಡಾಗ ಮತ್ತೆ ತುಂಬಿಕೊಳ್ಳುತ್ತದೆ. ಎರಡು ನೋವುಗಳ ನಡುವಿನ ಬಿಡುವು ತಾಯಿಗೆ ವಿಶ್ರಾಂತಿ ಮಾತ್ರವಲ್ಲ, ಮಗುವಿಗೆ ಅದೇ ಉಸಿರು. ಅತಿ ಶೀಘ್ರ ಹೆರಿಗೆಯಲ್ಲಿ ನೋವುಗಳು ಒಂದರ ಬೆನ್ನಿಗೆ ಒಂದು ಬರುವುದರಿಂದ ಈ ಬಿಡುವು ಕಳೆದುಹೋಗುತ್ತದೆ. ಹತ್ತು ನಿಮಿಷಗಳಲ್ಲಿ ಐದಕ್ಕಿಂತ ಹೆಚ್ಚು ಬಾರಿ ಗರ್ಭಕೋಶ ಬಿಗಿಯುತ್ತಿದ್ದರೆ ಆಸ್ಪತ್ರೆಯಲ್ಲಿ ಅದನ್ನು ಎಚ್ಚರಿಕೆಯ ಗುರುತೆಂದು ತೆಗೆದುಕೊಂಡು, ನೋವು ಹೆಚ್ಚಿಸುವ ಔಷಧ ಹಾಕಿದ್ದರೆ ಕೂಡಲೇ ನಿಲ್ಲಿಸುತ್ತಾರೆ. ಹೀಗೆ ಹುಟ್ಟಿದ ಶಿಶು ಕೆಲವೊಮ್ಮೆ ಅಳದೆ, ನೀಲಿಗಟ್ಟಿ, ಕೈಕಾಲು ಜೋಲು ಬಿಟ್ಟು ಬರುತ್ತದೆ. ಹುಟ್ಟಿದ ಮೊದಲ ಒಂದು ನಿಮಿಷದಲ್ಲಿ ಅದಕ್ಕೆ ಉಸಿರಾಟದ ನೆರವು ಸಿಗಬೇಕು.

ಎರಡನೆಯದು ತಲೆಯ ವಿಷಯ. ನಿಧಾನವಾದ ಹೆರಿಗೆಯಲ್ಲಿ ಶಿಶುವಿನ ತಲೆಬುರುಡೆಯ ಮೂಳೆಗಳು ಒಂದರ ಮೇಲೊಂದು ಸ್ವಲ್ಪ ಸರಿದು ಜನನ ಮಾರ್ಗಕ್ಕೆ ಹೊಂದಿಕೊಳ್ಳುತ್ತವೆ. ಆತುರದಲ್ಲಿ ಈ ಹೊಂದಾಣಿಕೆಗೆ ಅವಕಾಶವಿಲ್ಲ. ಒತ್ತಡ ಥಟ್ಟನೆ ಏರಿ ಥಟ್ಟನೆ ಇಳಿಯುತ್ತದೆ. ಅವಧಿಗೆ ಮುನ್ನ ಹುಟ್ಟುವ ಎಳೆಯ ಶಿಶುಗಳಲ್ಲಂತೂ ಮಿದುಳಿನೊಳಗೆ ರಕ್ತ ಸೋರುವ ಅಪಾಯವಿರುತ್ತದೆ. ಹಿಡಿಯುವ ಕೈ ಇಲ್ಲದೆ ಮಗು ನೆಲಕ್ಕೆ ಬೀಳುವುದು, ಬೀಳುವಾಗ ಹೊಕ್ಕುಳ ಬಳ್ಳಿ ತುಂಡಾಗುವುದು, ಒರೆಸಿ ಬೆಚ್ಚಗೆ ಹೊದಿಸುವವರಿಲ್ಲದೆ ಮೈ ತಣ್ಣಗಾಗುವುದು, ಇವೆಲ್ಲ ಕಾಯಿಲೆಗಳಲ್ಲ. ಆದರೆ ಇವೇ ಪ್ರಾಣಕ್ಕೆ ಎರವಾಗುತ್ತವೆ. ನವಜಾತ ಶಿಶುವಿನ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಒದ್ದೆ ಮೈಯಲ್ಲಿ ಮಳೆಗಾಲದ ಗಾಳಿಗೆ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಅದು ಇಳಿಯತೊಡಗುತ್ತದೆ.

ತಾಯಿಗೆ ಒದಗುವ ಅಪಾಯ

ಜನನ ಮಾರ್ಗದ ಮೃದು ಭಾಗಗಳು ಹಿಗ್ಗಲು ಸಮಯ ಬೇಕು. ತಲೆ ಒಮ್ಮೆಲೇ ನುಗ್ಗಿದಾಗ ಗರ್ಭಕೋಶದ ಬಾಯಿ, ಯೋನಿಯ ಗೋಡೆ, ಯೋನಿದ್ವಾರ ಮತ್ತು ಗುದದ್ವಾರದ ನಡುವಿನ ಭಾಗ ಹರಿಯಬಹುದು. ಹೊರಗೆ ಕಾಣುವ ಗಾಯಕ್ಕಿಂತ ಒಳಗೆ ಕಾಣದ ಹರಿತ ಹೆಚ್ಚು ಅಪಾಯಕಾರಿ, ಏಕೆಂದರೆ ಅಲ್ಲಿಂದ ರಕ್ತ ಸಣ್ಣಗೆ ಸೋರುತ್ತಲೇ ಇರುತ್ತದೆ. ಗುದದ ಸ್ನಾಯುವಿನವರೆಗೆ ಹರಿದದ್ದನ್ನು ಸಕಾಲದಲ್ಲಿ ಹೊಲಿಯದಿದ್ದರೆ ಮಲ ತಡೆಯಲಾಗದ ಸಂಕಟ ವರ್ಷಗಟ್ಟಲೆ ಉಳಿಯಬಹುದು. ಈ ಸಂಕಟವನ್ನು ಹೇಳಿಕೊಳ್ಳುವ ಹೆಣ್ಣುಮಕ್ಕಳು ಕಡಿಮೆ. ಆದ್ದರಿಂದ ಮನೆಯಲ್ಲಿ ಸುಸೂತ್ರವಾಗಿ ಹೆತ್ತವಳನ್ನೂ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷಿಸಲೇಬೇಕು.

ಎಲ್ಲಕ್ಕಿಂತ ದೊಡ್ಡದು ಹೆರಿಗೆಯ ನಂತರದ ರಕ್ತಸ್ರಾವ. ತುಂಬು ಗರ್ಭದಲ್ಲಿ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಗರ್ಭಕೋಶದ ಕಡೆಗೆ ಹರಿಯುತ್ತಿರುತ್ತದೆ. ಮಾಸು ಕಳಚಿದಾಗ ತೆರೆದುಕೊಳ್ಳುವ ರಕ್ತನಾಳಗಳನ್ನು ಮುಚ್ಚುವುದು ಗರ್ಭಕೋಶದ ಸ್ನಾಯುಗಳೇ. ನಾಳಗಳ ಸುತ್ತ ಹೆಣೆದುಕೊಂಡ ಆ ಸ್ನಾಯುಗಳು ಬಿಗಿದುಕೊಂಡು ಹಗ್ಗದಿಂದ ಕಟ್ಟಿದಂತೆ ರಕ್ತವನ್ನು ನಿಲ್ಲಿಸುತ್ತವೆ. ಅತಿ ಬಿರುಸಿನಿಂದ ದುಡಿದು ದಣಿದ ಗರ್ಭಕೋಶ ಈ ಕೊನೆಯ ಕೆಲಸದಲ್ಲಿ ಸೋಲಬಹುದು. ಅದು ಮೆತ್ತಗಾಗಿ ಉಳಿದರೆ ನಲ್ಲಿ ತೆರೆದಿಟ್ಟಂತೆಯೇ ಸರಿ. 500 ಮಿಲಿಲೀಟರ್ ಅಥವಾ ಅದಕ್ಕೂ ಹೆಚ್ಚು ರಕ್ತ ಹೋದರೆ ಅದನ್ನು ಪ್ರಸವೋತ್ತರ ರಕ್ತಸ್ರಾವ ಎಂದು ಕರೆಯುತ್ತಾರೆ. ತಡೆಯದ ರಕ್ತಸ್ರಾವ ಒಂದೆರಡು ಗಂಟೆಗಳಲ್ಲೇ ಪ್ರಾಣ ತೆಗೆಯಬಲ್ಲದು. ರಾಜ್ಯದ ಗರ್ಭಿಣಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅಂಥವರು ಇದಕ್ಕಿಂತ ಕಡಿಮೆ ನಷ್ಟವನ್ನೂ ತಾಳಲಾರರು. ಕಬ್ಬಿಣಾಂಶದ ಮಾತ್ರೆಯನ್ನು ಡಬ್ಬಿಯಲ್ಲಿ ಇಟ್ಟುಕೊಂಡು ನುಂಗದೆ ಬಿಡುವ ಅಭ್ಯಾಸದ ಬೆಲೆ ಈ ಹೊತ್ತಿನಲ್ಲಿ ತಿಳಿಯುತ್ತದೆ.

ಈ ಸಂಬಂಧ ಕರ್ನಾಟಕದ ಹಳ್ಳಿಗಳೇ ಜಗತ್ತಿಗೆ ಒಂದು ಪಾಠ ಕಲಿಸಿವೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಗ್ರಾಮೀಣ ಪ್ರದೇಶದಲ್ಲಿ ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ತಜ್ಞರು ಅಮೆರಿಕದ ಸಹೋದ್ಯೋಗಿಗಳೊಂದಿಗೆ 1620 ಮಹಿಳೆಯರ ಮೇಲೆ ಅಧ್ಯಯನವೊಂದನ್ನು ನಡೆಸಿದರು. ಹೆರಿಗೆ ಮಾಡಿಸಿದವರು ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರು. ಶಿಶು ಹುಟ್ಟಿದ ಕೂಡಲೇ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ 600 ಮೈಕ್ರೋಗ್ರಾಂ ಬಾಯಿಯ ಮೂಲಕ ಕೊಡಲಾಯಿತು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಸನ್ನು ತಾಯಿಯ ಕೆಳಗೆ ಹರಡಿ ರಕ್ತವನ್ನು ಅಂದಾಜಿನಲ್ಲಲ್ಲದೆ ಅಳೆದೇ ಲೆಕ್ಕ ಇಡಲಾಯಿತು. ರಕ್ತಸ್ರಾವದ ಪ್ರಮಾಣ ಶೇಕಡಾ 12ರಿಂದ ಶೇಕಡಾ 6.4ಕ್ಕೆ ಇಳಿದಿತ್ತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶದ ಮಹತ್ವ ಮಾತ್ರೆಯಲ್ಲಿ ಎಷ್ಟಿದೆಯೋ ಅಳತೆಯ ಹಾಸಿನಲ್ಲಿಯೂ ಅಷ್ಟೇ ಇದೆ. ಬಟ್ಟೆಯಲ್ಲಿ, ಮಣ್ಣಿನ ನೆಲದಲ್ಲಿ ಇಂಗಿಹೋದ ರಕ್ತವನ್ನು ಕಣ್ಣಳತೆಯಲ್ಲಿ ಅಂದಾಜಿಸುವವರು ಬಹುತೇಕ ಕಡಿಮೆಯೇ ಹೇಳುತ್ತಾರೆ.

ಇದೇ ಮಾತ್ರೆ ಹೆರಿಗೆಗೆ ಮೊದಲು ಹೊಟ್ಟೆಗೆ ಹೋದರೆ ಅದೇ ಅಪಾಯಕ್ಕೆ ಕಾರಣವಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಮಿಸೊಪ್ರೊಸ್ಟಾಲ್ ಆಗಲಿ ಆಕ್ಸಿಟೋಸಿನ್ ಚುಚ್ಚುಮದ್ದಾಗಲಿ ಗರ್ಭಕೋಶವನ್ನು ಬಿಗಿಸುವ ಔಷಧಗಳು. ಶಿಶು ಹೊರಬಂದ ಮೇಲೆ ಅವು ಜೀವರಕ್ಷಕ. ಶಿಶು ಒಳಗಿರುವಾಗ ಆಸ್ಪತ್ರೆಯ ನಿಗಾ ಇಲ್ಲದೆ ಕೊಟ್ಟರೆ ಬಿಡುವಿಲ್ಲದ ನೋವು ಬಂದು, ಗರ್ಭಕೋಶವೇ ಹರಿಯುವ ಸಂಭವವಿದೆ. ಹಿಂದೆ ಶಸ್ತ್ರಚಿಕಿತ್ಸೆಯ ಹೆರಿಗೆಯಾದವರಲ್ಲಿ ಈ ಸಂಭವ ಇನ್ನೂ ಹೆಚ್ಚು. "ಬೇಗ ಆಗಲಿ" ಎಂದು ಪರವಾನಗಿ ಇಲ್ಲದವರಿಂದ ಮನೆಯಲ್ಲಿ ನೋವಿನ ಇಂಜೆಕ್ಷನ್ ಹಾಕಿಸುವುದು ದೇಶದ ಹಲವು ಭಾಗಗಳಲ್ಲಿ ಕಂಡುಬಂದ ಪಿಡುಗು. ಆಕ್ಸಿಟೋಸಿನ್ ದುರ್ಬಳಕೆಯನ್ನು, ವಿಶೇಷವಾಗಿ ಹಾಲು ಕರೆಯುವ ಜಾನುವಾರುಗಳ ಮೇಲಿನ ಬಳಕೆಯನ್ನು, ತಡೆಯಲೆಂದು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ದೇಶೀಯ ಬಳಕೆಗೆ ಅದರ ತಯಾರಿಕೆಯನ್ನು ಸರ್ಕಾರಿ ವಲಯಕ್ಕೆ ಸೀಮಿತಗೊಳಿಸಿತು. ಆ ಹೊಣೆ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಗೆ ಬಂದಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ಅಧಿಸೂಚನೆಯನ್ನು ರದ್ದುಪಡಿಸಿತು. ಹೆರಿಗೆ ಕೊಠಡಿಗಳಿಗೆ ಈ ಔಷಧದ ಕೊರತೆಯಾಗಬಾರದೆಂಬ ಕಳಕಳಿ ವಾದದ ಕೇಂದ್ರದಲ್ಲಿತ್ತು. ಎರಡೂ ಕಡೆಯ ಕಾಳಜಿ ನಿಜವಾದುದೇ. ಹಳ್ಳಿಯ ಮಟ್ಟದಲ್ಲಿ ಅನುಸರಿಸಬೇಕಾದ ನಿಯಮ ಮಾತ್ರ ಸರಳ: ಮಗು ಹುಟ್ಟುವ ಮೊದಲು ಮನೆಯಲ್ಲಿ ಯಾವ ಇಂಜೆಕ್ಷನ್ನೂ ಇಲ್ಲ, ಯಾವ ಮಾತ್ರೆಯೂ ಇಲ್ಲ. ನೋವು ಬರಲೆಂದು ಹರಳೆಣ್ಣೆ ಕುಡಿಸುವುದೂ ಬೇಡ.

ತಾಯಿಯ ಮನಸ್ಸಿನ ಬಗ್ಗೆ ಒಂದು ಮಾತು. ಇಂಥ ಹೆರಿಗೆಯ ನಂತರ ಕೆಲವು ಬಾಣಂತಿಯರು ದಿಗ್ಭ್ರಮೆಗೊಂಡವರಂತೆ, ಮಗುವಿನತ್ತ ನೋಡದೆ, ನಡುಗುತ್ತ ಕುಳಿತುಬಿಡುತ್ತಾರೆ. "ಇಷ್ಟು ಸುಲಭವಾಗಿ ಆಯಿತಲ್ಲ, ಇನ್ನೇನು?" ಎಂದು ಹಿರಿಯರು ಗದರುವುದುಂಟು. ಸುಲಭವಾಗಿ ಆದದ್ದು ನೋಡಿದವರಿಗೆ ಮಾತ್ರ.

ಯಾರಲ್ಲಿ ಮೊದಲೇ ಊಹಿಸಬಹುದು

ಹಿಂದಿನ ಹೆರಿಗೆ ಶೀಘ್ರವಾಗಿ ಆಗಿದ್ದರೆ ಮುಂದಿನದು ಹಾಗೆಯೇ ಆಗುವ ಸಾಧ್ಯತೆ ಹೆಚ್ಚು, ಇನ್ನೂ ಬೇಗನೆ ಆಗಲೂಬಹುದು. ಇದೊಂದೇ ಮಾಹಿತಿ ಉಳಿದೆಲ್ಲ ಲಕ್ಷಣಗಳಿಗಿಂತ ಉಪಯುಕ್ತ. ಆದರೆ ಇದನ್ನೇ ಕೇಳುವುದು ಕಡಿಮೆ. ಮನೆ ಭೇಟಿಯಲ್ಲಿ ಹಿಂದಿನ ಹೆರಿಗೆ ಎಲ್ಲಿ ಆಯಿತು, ಸಾಮಾನ್ಯವೋ ಶಸ್ತ್ರಚಿಕಿತ್ಸೆಯೋ, ಮಗುವಿನ ತೂಕ ಎಷ್ಟು ಎಂದು ಕೇಳಿ ಬರೆದುಕೊಳ್ಳುವಾಗ, ನೋವು ಶುರುವಾದದ್ದು ಎಷ್ಟು ಹೊತ್ತಿಗೆ, ಮಗು ಹುಟ್ಟಿದ್ದು ಎಷ್ಟು ಹೊತ್ತಿಗೆ ಎಂಬ ಎರಡು ಪ್ರಶ್ನೆಗಳನ್ನೂ ಸೇರಿಸಿಕೊಳ್ಳಬೇಕು. ಗಡಿಯಾರದ ಸಮಯ ನೆನಪಿಲ್ಲದಿದ್ದರೆ "ಹಾಲು ಕರೆಯುವ ಹೊತ್ತಿಗೆ ನೋವು, ಮಕ್ಕಳು ಶಾಲೆಗೆ ಹೊರಡುವ ಮೊದಲು ಮಗು" ಎಂಬಂಥ ಉತ್ತರವೂ ಸಾಕು.

ಉಳಿದಂತೆ ಮೂರು ನಾಲ್ಕು ಬಾರಿ ಹೆತ್ತವರು, ಗರ್ಭದಲ್ಲಿ ಚಿಕ್ಕ ಶಿಶು ಇರುವವರು, ಅವಧಿಗೆ ಮುನ್ನ ನೋವು ಕಾಣಿಸಿಕೊಂಡವರು, ರಕ್ತದೊತ್ತಡ ಹೆಚ್ಚಿರುವವರು ಗಮನದಲ್ಲಿರಬೇಕು. ಒಂದು ಸಂದರ್ಭವನ್ನು ಬೇರೆಯಾಗಿಯೇ ಹೇಳಬೇಕು. ಮಾಸು ಹೆರಿಗೆಗೆ ಮೊದಲೇ ಗರ್ಭಕೋಶದ ಗೋಡೆಯಿಂದ ಕಳಚಿಕೊಂಡಾಗಲೂ ನೋವು ಬಿರುಸಾಗಿ ಹೆರಿಗೆ ಬೇಗ ಆಗಬಹುದು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಸಡಿಲಗೊಳ್ಳದೇ ಇರುವುದು, ಕಪ್ಪು ಬಣ್ಣದ ರಕ್ತ ಕಾಣಿಸುವುದು ಇದರ ಗುರುತು. ಆಗ ಇದು ಹೆರಿಗೆಯ ತುರ್ತು ಮಾತ್ರವಲ್ಲ, ತಾಯಿ ಮಗು ಇಬ್ಬರ ಪ್ರಾಣದ ತುರ್ತು. ರಕ್ತನಿಧಿ ಇರುವ ಆಸ್ಪತ್ರೆಗೇ ಕಳುಹಿಸಬೇಕು.

ಶೀಘ್ರ ಹೆರಿಗೆಯ ಆರಂಭವನ್ನು ಮನೆಯವರು ಹೆಚ್ಚಾಗಿ ಗುರುತಿಸುವುದಿಲ್ಲ. ಸೊಂಟನೋವು, ಹೊಟ್ಟೆ ನುಲಿತ, ಮಲಕ್ಕೆ ಹೋಗಬೇಕೆಂಬ ಒತ್ತಡ, ಇಷ್ಟೇ ಮೊದಲು ತಿಳಿಯುವುದು. ಮಲದ ಒತ್ತಡವೆಂದು ಅನಿಸುವುದು ಎಷ್ಟೋ ಸಲ ಕೆಳಗಿಳಿದ ಶಿಶುವಿನ ತಲೆಯ ಒತ್ತಡ. ಶೌಚಾಲಯದಲ್ಲಿ ಮಗು ಹುಟ್ಟಿ ಬೀಳುವ ದುರ್ಘಟನೆಗಳ ಹಿಂದೆ ಇರುವುದು ಈ ತಪ್ಪು ತಿಳಿವಳಿಕೆಯೇ. ತುಂಬು ಗರ್ಭಿಣಿ ನಡುರಾತ್ರಿ ಶೌಚಕ್ಕೆ ಎದ್ದರೆ ಯಾರಾದರೂ ಜೊತೆಗೆ ಹೋಗಬೇಕು, ನೋವು ಬಂದು ಹೋಗುತ್ತಿದೆಯೇ ಎಂದು ಕೇಳಬೇಕು.

ನೂರಾ ಐವತ್ತೈದು ನಿಮಿಷಗಳು

ಉತ್ತರ ಕನ್ನಡದ ಜೋಯಿಡಾ, ಅಂಕೋಲಾ, ಯಲ್ಲಾಪುರ ತಾಲ್ಲೂಕುಗಳ ಘಟ್ಟದ ಮಜರೆಗಳನ್ನು ಬಲ್ಲವರಿಗೆ ಈ ಮುಂದಿನ ಲೆಕ್ಕ ಹೊಸದೆನಿಸದು. ಇದು ನಿರ್ದಿಷ್ಟ ಮನೆಯೊಂದರ ಘಟನೆಯಲ್ಲ, ಲೆಕ್ಕ ಹಾಕುವ ರೀತಿಯನ್ನು ತೋರಿಸಲು ತೆಗೆದುಕೊಂಡ ಉದಾಹರಣೆ. ಮೂರನೆಯ ಹೆರಿಗೆಯ ಮಹಿಳೆ. ಹಿಂದಿನ ಹೆರಿಗೆ ಎರಡು ಗಂಟೆಗೂ ಒಳಗೆ ಆಗಿತ್ತು. ಈ ಬಾರಿ ರಾತ್ರಿ 2 ಗಂಟೆಗೆ ನೋವು ಆರಂಭ, ಹೆರಿಗೆಗೆ ಹಿಡಿಯುವ ಅವಧಿ 110 ನಿಮಿಷ ಎಂದಿಟ್ಟುಕೊಳ್ಳೋಣ.

ನೋವು ನಿಜವೋ ಹುಸಿಯೋ ಎಂದು ಅತ್ತೆ ಸೊಸೆ ಮಾತಾಡಿಕೊಂಡು, ಜೀರಿಗೆ ಕಷಾಯ ಕುಡಿಸಿ ನೋಡುವಷ್ಟರಲ್ಲಿ 30 ನಿಮಿಷ. ಮನೆಯ ಹತ್ತಿರ ಮೊಬೈಲ್ ಸಿಗ್ನಲ್ ಇಲ್ಲ. ಗಂಡ ಟಾರ್ಚ್ ಹಿಡಿದು ಗುಡ್ಡದ ತಲೆಗೆ ಹತ್ತಿ 108ಕ್ಕೆ ಕರೆ ಮಾಡಲು 20 ನಿಮಿಷ. ಆಂಬುಲೆನ್ಸ್ ಡಾಂಬರು ರಸ್ತೆಯ ಕೊನೆಗೆ ಬಂದು ನಿಲ್ಲಲು 45 ನಿಮಿಷ. ಅಷ್ಟರೊಳಗೆ ಕಂಬಳಿಯ ಜೋಳಿಗೆ ಕಟ್ಟಿ, ಹಳ್ಳದ ಸಂಕ ದಾಟಿಸಿ ಅವಳನ್ನು ಅಲ್ಲಿಗೆ ಹೊತ್ತು ತಂದಿರುತ್ತಾರೆ ಎಂದೇ ಭಾವಿಸೋಣ. ಹತ್ತಿಸಿ ಮಲಗಿಸಲು 5 ನಿಮಿಷ. ಆಸ್ಪತ್ರೆಯವರೆಗೆ 55 ನಿಮಿಷ. ಒಟ್ಟು 155 ನಿಮಿಷ. ಆಂಬುಲೆನ್ಸ್ ಹೊರಡುವುದು ನೂರನೆಯ ನಿಮಿಷಕ್ಕೆ. ಮಗು ಹುಟ್ಟುವುದು ನೂರಾ ಹತ್ತನೆಯ ನಿಮಿಷಕ್ಕೆ, ಮೊದಲ ತಿರುವುಗಳಲ್ಲಿ.

ಇಲ್ಲಿ ಯಾವ ಕೊಂಡಿಯನ್ನು ಎಷ್ಟು ಕಿರಿದುಗೊಳಿಸಬಹುದು? ರಸ್ತೆಯನ್ನು ಸುಧಾರಿಸಿದರೆ ಪ್ರಯಾಣದಲ್ಲಿ ಹತ್ತು ನಿಮಿಷ ಉಳಿಯಬಹುದು. ಅದಕ್ಕೆ ವರ್ಷಗಳೂ ಲಕ್ಷಗಟ್ಟಲೆ ರೂಪಾಯಿಗಳೂ ಬೇಕು. ಇದಕ್ಕೆ ಬದಲಾಗಿ ಮೊದಲಿನ ಎರಡು ಕೊಂಡಿಗಳನ್ನು ನೋಡಬೇಕು. ಈಕೆಗೆ ಬೇಗ ಹೆರಿಗೆಯಾಗುತ್ತದೆ ಎಂದು ಮನೆಯವರಿಗೆ ಮೊದಲೇ ತಿಳಿಸಿದ್ದರೆ 30 ನಿಮಿಷದ ಅನುಮಾನ 5 ನಿಮಿಷಕ್ಕೆ ಇಳಿಯುತ್ತದೆ. ಸಿಗ್ನಲ್ ಸಿಗುವ ಜಾಗವನ್ನು, ಸ್ಥಿರ ದೂರವಾಣಿ ಅಥವಾ ಇಂಟರ್‌ನೆಟ್ ಸಂಪರ್ಕವಿರುವ ನೆರೆಮನೆಯನ್ನು ಮುಂಚಿತವಾಗಿ ಗುರುತಿಸಿದ್ದರೆ 20 ನಿಮಿಷ 5ಕ್ಕೆ ಇಳಿಯುತ್ತದೆ. ಒಂದು ರೂಪಾಯಿಯ ಕಾಮಗಾರಿ ಇಲ್ಲದೆ 40 ನಿಮಿಷ ಉಳಿಯಿತು.

ಆದರೂ ಒಟ್ಟು 115 ನಿಮಿಷ. ಇನ್ನೂ ಐದು ನಿಮಿಷ ಸಾಲದು. ಎಷ್ಟೇ ಚುರುಕಾಗಿ ವ್ಯವಸ್ಥೆ ಮಾಡಿದರೂ ಕೆಲವು ಮಜರೆಗಳಿಂದ ಕೆಲವು ಮಹಿಳೆಯರು ಸಮಯಕ್ಕೆ ಆಸ್ಪತ್ರೆ ತಲುಪಲಾರರು. ಇದನ್ನು ಒಪ್ಪಿಕೊಂಡ ಮೇಲೆ ಉಳಿಯುವ ದಾರಿ ಒಂದೇ: ನೋವು ಬಂದ ಮೇಲೆ ಹೊರಡುವುದಲ್ಲ, ನೋವು ಬರುವ ಮೊದಲೇ ಆಸ್ಪತ್ರೆಯ ಸಮೀಪದಲ್ಲಿ ಇರುವುದು. ಹಿಂದಿನ ಹೆರಿಗೆ ಮೂರು ಗಂಟೆಗಳೊಳಗೆ ಆದ, ಆಸ್ಪತ್ರೆಯಿಂದ ಒಂದು ಗಂಟೆಗೂ ಹೆಚ್ಚಿನ ದಾರಿಯಲ್ಲಿರುವ ಗರ್ಭಿಣಿಯನ್ನು 37ನೆಯ ವಾರದ ಹೊತ್ತಿಗೆ ತಾಲ್ಲೂಕು ಕೇಂದ್ರದ ಸಮೀಪದ ಬಂಧುಗಳ ಮನೆಯಲ್ಲಿಯೋ, ವೈದ್ಯರ ಸಲಹೆಯಂತೆ ಆಸ್ಪತ್ರೆಯಲ್ಲಿಯೋ ಇರಿಸುವ ಏರ್ಪಾಡು ಆಗಬೇಕು. ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಹೇಗೂ ಇದೆ. ಆ ತವರು ಆಸ್ಪತ್ರೆಯಿಂದ ಇನ್ನೂ ದೂರದಲ್ಲಿದ್ದರೆ ಮಾತ್ರ ಪದ್ಧತಿಯನ್ನು ಸಡಿಲಿಸುವಂತೆ ಹಿರಿಯರ ಮನವೊಲಿಸಬೇಕಾಗುತ್ತದೆ. ಮನೆಯಲ್ಲಿ ಇನ್ನಿಬ್ಬರು ಮಕ್ಕಳು, ಕೊಟ್ಟಿಗೆಯಲ್ಲಿ ಕರೆಯುವ ಹಸು ಇರುವವಳಿಗೆ ಎರಡು ಮೂರು ವಾರ ಮನೆ ಬಿಟ್ಟಿರುವುದು ಸುಲಭವಲ್ಲ. ಮಕ್ಕಳನ್ನು ನೋಡಿಕೊಳ್ಳುವವರು ಯಾರು, ಹಾಲು ಕರೆಯುವವರು ಯಾರು ಎಂಬ ಪ್ರಶ್ನೆಗೆ ಸ್ವಸಹಾಯ ಗುಂಪಿನ ಸಭೆಯಲ್ಲಿ ಉತ್ತರ ಸಿಗದೆ ಹೋದರೆ ಉಳಿದ ಸಲಹೆಯೆಲ್ಲ ಕಾಗದದಲ್ಲಿ ಉಳಿಯುತ್ತದೆ.

ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಸಭೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನ ತುಂಬುವ ಗರ್ಭಿಣಿಯರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯಿಂದ ಪಡೆದು, ಹಿಂದಿನ ಹೆರಿಗೆಯ ಅವಧಿ, ಮನೆಯಿಂದ ವಾಹನ ಬರುವ ಜಾಗಕ್ಕೆ ಇರುವ ದೂರ, ಮಧ್ಯದ ಹಳ್ಳ, ರಾತ್ರಿ ಕರೆದರೆ ಬರುವ ಜೀಪಿನವರ ದೂರವಾಣಿ ಸಂಖ್ಯೆ ಇಷ್ಟನ್ನು ಗುರುತು ಮಾಡಿಕೊಳ್ಳಬಹುದು. ಪಟ್ಟಿ ಪಂಚಾಯತಿಯ ಫಲಕದಲ್ಲಿ ಅಂಟಿಸುವಂಥದ್ದಲ್ಲ. ಹೆಣ್ಣುಮಕ್ಕಳ ಆರೋಗ್ಯದ ವಿವರ ಸಂಬಂಧಪಟ್ಟವರ ಕೈಯಲ್ಲಿ ಮಾತ್ರ ಇರತಕ್ಕದ್ದು. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಮೇಲಿನ ಆಸ್ಪತ್ರೆಗೆ, ಮರಳಿ ಮನೆಗೆ ಸಾಗಣೆ ಉಚಿತವೆಂಬುದನ್ನೂ ಮನೆಯವರಿಗೆ ತಿಳಿಸಬೇಕು. ಹಣವಿಲ್ಲವೆಂದು ಬೆಳಗಾಗುವವರೆಗೆ ಕಾಯುವವರು ಈಗಲೂ ಇದ್ದಾರೆ.

ದಾರಿಯಲ್ಲಿ ಅಥವಾ ಮನೆಯಲ್ಲಿಯೇ ಆಗಿಹೋದರೆ

ಹಿಂದೆ ಪ್ರತಿ ಊರಿನಲ್ಲಿ ಒಬ್ಬ ಸೂಲಗಿತ್ತಿ ಇರುತ್ತಿದ್ದಳು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಆ ಪರಂಪರೆಗೆ ಸಂದ ಗೌರವ. ಆಸ್ಪತ್ರೆ ಹೆರಿಗೆ ಹೆಚ್ಚಿದಂತೆ ತಾಯಿ ಮರಣ ಇಳಿಯಿತೆಂಬುದು ನಿರ್ವಿವಾದ. ಅದರ ಜೊತೆಗೆ, ಹೆರಿಗೆ ಕಂಡ ಕೈಗಳು ಹಳ್ಳಿಯಲ್ಲಿ ಇಲ್ಲವಾದವು ಎಂಬುದೂ ನಿಜ. ಇಂದು ಮನೆಯಲ್ಲಿ ಅಕಸ್ಮಾತ್ ಹೆರಿಗೆಯಾದರೆ ಪಕ್ಕದಲ್ಲಿರುವವರು ಎಂದೂ ಹೆರಿಗೆ ನೋಡದವರು. ಆದ್ದರಿಂದ ಈ ಕೆಳಗಿನ ತಿಳಿವಳಿಕೆ ಎಲ್ಲರಿಗೂ ಬೇಕು.

ಮೊದಲು 108ಕ್ಕೆ ಕರೆ ಮಾಡಿ, ಫೋನನ್ನು ಸ್ಪೀಕರ್‌ನಲ್ಲಿ ಇಟ್ಟು ಅವರು ಹೇಳಿದಂತೆ ನಡೆಯಬೇಕು. ತಲೆ ಕಾಣಿಸುತ್ತಿದ್ದರೆ ಹೊರಡುವ ಪ್ರಯತ್ನ ಬಿಡಬೇಕು. ಜೀಪಿನಲ್ಲಿದ್ದರೆ ರಸ್ತೆಯ ಬದಿಗೆ ನಿಲ್ಲಿಸಬೇಕು. ಓಡುವ ವಾಹನದಲ್ಲಿ, ಹೊಂಡ ಬಿದ್ದ ರಸ್ತೆಯಲ್ಲಿ ಹೆರಿಗೆ ಇನ್ನಷ್ಟು ಅಪಾಯಕರ. ಆಸ್ಪತ್ರೆ ಮುಟ್ಟುವವರೆಗೆ ತಡೆಯಲೆಂದು ತೊಡೆಗಳನ್ನು ಒತ್ತಿ ಹಿಡಿಯುವುದು, ತಲೆಯನ್ನು ಒಳಕ್ಕೆ ತಳ್ಳುವುದು ಎಂದಿಗೂ ಕೂಡದು. ಅದರಿಂದ ಮಗುವಿನ ಮಿದುಳಿಗೂ ತಾಯಿಯ ಗರ್ಭಕೋಶಕ್ಕೂ ಹಾನಿಯಾಗುತ್ತದೆ. ತಾಯಿ ನಿಂತಿರಬಾರದು. ನೆಲದ ಮೇಲೆ ಶುಚಿಯಾದ ಬಟ್ಟೆ ಹಾಸಿ ಎಡಮಗ್ಗುಲಿಗೆ ಮಲಗಿಸುವುದು ಒಳ್ಳೆಯದು. ಮುಕ್ಕುವ ಬದಲು ಬಾಯಿಯಿಂದ ಸಣ್ಣ ಸಣ್ಣ ಉಸಿರು ಬಿಡುವಂತೆ ಹೇಳಿದರೆ ತಲೆ ನಿಧಾನವಾಗಿ ಹೊರಬರುತ್ತದೆ. ಸಾಬೂನಿನಿಂದ ತೊಳೆದ ಅಂಗೈಯನ್ನು ತಲೆಗೆ ಆಧಾರವಾಗಿ ಮಾತ್ರ ಇಡಬೇಕು, ಎಳೆಯಬಾರದು. ಕೊರಳಿಗೆ ಹೊಕ್ಕುಳ ಬಳ್ಳಿ ಸಡಿಲವಾಗಿ ಸುತ್ತಿಕೊಂಡಿದ್ದರೆ ತಲೆಯ ಮೇಲಿನಿಂದ ಮೆಲ್ಲಗೆ ಜಾರಿಸಬಹುದು.

ಹುಟ್ಟಿದ ಮಗುವನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಆ ಒದ್ದೆ ಬಟ್ಟೆ ತೆಗೆದುಹಾಕಿ, ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಇಬ್ಬರನ್ನೂ ಸೇರಿಸಿ ಹೊದಿಸಬೇಕು. ಅಳದಿದ್ದರೆ ಬಾಯಿ ಮೂಗು ಒರೆಸಿ ಬೆನ್ನನ್ನು ಉಜ್ಜಬೇಕು. ತಲೆಕೆಳಗಾಗಿ ಹಿಡಿದು ಬಡಿಯುವುದು ಸಿನಿಮಾದ ದೃಶ್ಯ, ಚಿಕಿತ್ಸೆಯಲ್ಲ. ಬಳ್ಳಿ ಕತ್ತರಿಸಲು ಆತುರಪಡಬೇಕಾಗಿಲ್ಲ. ಶುದ್ಧ ಬ್ಲೇಡು, ದಾರ ಇಲ್ಲದಿದ್ದರೆ ಕತ್ತರಿಸದೆ ಹಾಗೆಯೇ ಬಿಟ್ಟು, ಮಾಸು ಬಿದ್ದ ಮೇಲೆ ಅದನ್ನೂ ಚೀಲದಲ್ಲಿ ಹಾಕಿ ಮಗುವಿನ ಜೊತೆಗೇ ಒಯ್ಯಬಹುದು. ಬಳ್ಳಿ ಮೊದಲೇ ತುಂಡಾಗಿದ್ದರೆ ಮಾತ್ರ ಮಗುವಿನ ಕಡೆಯ ತುದಿಯನ್ನು ಕೂಡಲೇ ಬಿಗಿಯಾಗಿ ಒತ್ತಿ ಹಿಡಿದು ಶುಚಿಯಾದ ದಾರದಿಂದ ಕಟ್ಟಬೇಕು. ಬೂದಿ, ಅರಿಶಿನ, ಸಗಣಿ, ಎಣ್ಣೆ ಯಾವುದನ್ನೂ ಬಳ್ಳಿಗೆ ಸವರಬಾರದು. ಮೊದಲ 24 ಗಂಟೆ ಸ್ನಾನ ಬೇಡ.

ಮಾಸು ತಾನಾಗಿಯೇ ಬೀಳಲಿ, ಬಳ್ಳಿ ಹಿಡಿದು ಎಳೆದರೆ ಗರ್ಭಕೋಶವೇ ಒಳಮೈ ಹೊರಗಾಗಿ ಹೊರಬರುವ ಅನಾಹುತವಿದೆ. ಮಾಸು ಬಿದ್ದ ನಂತರ ಹೊಕ್ಕುಳಿನ ಸಮೀಪ ಹೊಟ್ಟೆಯನ್ನು ಅಂಗೈಯಿಂದ ಉಜ್ಜಿದರೆ ಗರ್ಭಕೋಶ ಚೆಂಡಿನಂತೆ ಗಟ್ಟಿಯಾಗುವುದು ತಿಳಿಯುತ್ತದೆ. ಮಗುವಿಗೆ ಕೂಡಲೇ ಎದೆಹಾಲು ಹಿಡಿಸುವುದರಿಂದಲೂ ಗರ್ಭಕೋಶ ಬಿಗಿಯುತ್ತದೆ. ಹಾಸಿದ ಬಟ್ಟೆ ತೊಯ್ದು ಹೋಗುತ್ತಿದ್ದರೆ, ತಾಯಿ ಬೆವರಿ ತಲೆ ಸುತ್ತುತ್ತಿದೆ ಎಂದರೆ, ಅರ್ಧ ಗಂಟೆಯಾದರೂ ಮಾಸು ಬೀಳದಿದ್ದರೆ ಒಂದು ಕ್ಷಣವೂ ಕಾಯುವಂತಿಲ್ಲ.

ಹೆರಿಗೆ ಎಲ್ಲಿಯೇ ಆಗಲಿ, ಜನನ ನೋಂದಣಿ 21 ದಿನಗಳೊಳಗೆ ಶುಲ್ಕವಿಲ್ಲದೆ ಆಗಬೇಕು. ಮನೆಯಲ್ಲಿ ಆದರೆ ಮಾಹಿತಿ ಕೊಡುವ ಹೊಣೆ ಮನೆಯ ಯಜಮಾನನದು. ಚಲಿಸುವ ವಾಹನದಲ್ಲಿ ಆದರೆ, ವಾಹನದ ಉಸ್ತುವಾರಿ ಹೊತ್ತವರು ಮೊದಲು ನಿಲ್ಲುವ ಸ್ಥಳದಲ್ಲಿ ಮಾಹಿತಿ ನೀಡಬೇಕೆಂದು ನಿಯಮವಿದೆ. ದಾರಿಯಲ್ಲಿ ಹುಟ್ಟಿದ್ದರಿಂದ ಪ್ರಮಾಣಪತ್ರ ಸಿಗದೆಂಬ ಆತಂಕಕ್ಕೆ ಆಧಾರವಿಲ್ಲ. ನೋಂದಣಿಯ ದಿನವೇ ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನಲ್ಲಿ ಇನ್ನೊಂದು ಸಾಲನ್ನು ಸೇರಿಸಬೇಕು. ಮೇಲಿನ ಉದಾಹರಣೆಯ ಮಹಿಳೆಗಾದರೆ ಅದು ಹೀಗಿರುತ್ತದೆ: ನೋವು ಆರಂಭ ರಾತ್ರಿ 2.00, ಜನನ 3.50.